ನಕ್ಷೆಯಲ್ಲಿ ಬೀದಿ, ನೆಲದಲ್ಲಿ ಕುಂಬಳ

ಹೊಸ ಓವನ್ ಟೆಂಪೋದಿಂದೇನೋ ಇಳಿಯಿತು, ಬೇಕರಿಯ ಮುಂಬಾಗಿಲಲ್ಲಿ ಹಿಡಿಸಲಿಲ್ಲ. ಹಿತ್ತಲ ಬಾಗಿಲು ಅಗಲವಾಗಿತ್ತು. ಆದರೆ ಅಲ್ಲಿಗೆ ಹೋಗುವ ದಾರಿಗೆ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಬೇಲಿ ಬಿಗಿದು ಕುಂಬಳದ ಬಳ್ಳಿ ಹಬ್ಬಿಸಿದ್ದರು.

"ಬೇಲಿ ಬಿಚ್ಚಿ ಯಜಮಾನ್ರೇ! ನಕ್ಷೆಯಲ್ಲಿ ಇದು ಬೀದಿ," ಎಂದಳು ಬೇಕರಿಯಾಕೆ.

"ನಕ್ಷೆಯಲ್ಲಿ ಬೀದಿ, ನೆಲದಲ್ಲಿ ಕುಂಬಳ. ಇಲ್ಲಿ ಇವತ್ತಿನವರೆಗೆ ಒಂದು ಸೈಕಲ್ಲೂ ಓಡಿಲ್ಲ."

"ನೀವು ಬಿಟ್ರೆ ತಾನೇ ಓಡೋದು?"

ಹಳೆಯ ಓವನ್ ಕೈಕೊಟ್ಟಾಗಿನಿಂದ ಅವಳ ಗಿರಾಕಿಗಳು ಬೇರೆ ಅಂಗಡಿಯತ್ತ ಕಾಲು ಹಾಕಿದ್ದರು. ಅವಳಿಗಿದು ಹೊಟ್ಟೆಪಾಡು, ಅವರಿಗೆ ಹಟ. ಮಾತಿಗೆ ಮಾತು ಬೆಳೆದು, ಕಡೆಗೆ ಕಂಡಕ್ಟರೇ ರೇಗಿ, ಇಲ್ಲಿ ಬೀದಿಯಿಲ್ಲ ಅಂತ ಅವರೇ ಬಂದು ಹೇಳಲಿ ಎಂದು ಪುರಸಭೆಗೆ ಫೋನ್ ಮಾಡಿದರು.

ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರ್ ಜೀಪಿನಲ್ಲಿ ಬಂದ. ನಕ್ಷೆ ಬಿಡಿಸಿ ನೋಡುತ್ತಲೇ ಅವನ ಮುಖ ಅರಳಿತು.

"ಇಬ್ಬರದ್ದೂ ಅಲ್ಲ, ಈ ಬೀದಿ ಪುರಸಭೆಯದ್ದು! ನಮಗೇ ಮರೆತುಹೋಗಿತ್ತು ನೋಡಿ. ನಿಮ್ಮಲ್ಲಿ ಒಬ್ರು ಬೇಕು ಅಂತ ದೂರು ಕೊಟ್ರೆ ಸಾಕು, ತೆರೆದುಬಿಡ್ತೀವಿ. ಹೆದ್ದಾರಿ ಲಾರಿಗಳೆಲ್ಲ ಸೀದಾ ಇಲ್ಲಿಂದಲೇ ಹೋಗಬಹುದು."

ಹಿತ್ತಲ ಬಾಗಿಲಿಗೆ ಉಜ್ಜಿಕೊಂಡು ಹೋಗುವ ಲಾರಿಗಳು, ಬಿಸಿ ಬ್ರೆಡ್ಡಿನ ಮೇಲೆ ಕೂರುವ ಧೂಳು ಅವಳ ಕಣ್ಣಿಗೆ ಕಟ್ಟಿದವು. ಓರೆಗಣ್ಣಲ್ಲಿ ನೋಡಿದಳು. ಕಂಡಕ್ಟರರ ಮುಖ ಬಿಳಿಚಿಕೊಂಡಿತ್ತು.

"ಯಾವ ಬೀದಿ ಸರ್?" ಎಂದಳು. "ಇದು ನಮ್ಮ ಮಾವನ ಕುಂಬಳದ ತೋಟ."

"ಹೂಂ ಸರ್," ಕಂಡಕ್ಟರ್ ದನಿಗೂಡಿಸಿದರು. "ನಮ್ಮ ಹುಡುಗಿನೂ ಇಲ್ಲೇ ಓಡಾಡಿಕೊಂಡಿರ್ತಾಳೆ. ಮನೆಯವರ ಮಧ್ಯೆ ಏನೋ ಒಂದು ಮಾತು ಬಂತು, ಅಷ್ಟೆ."

"ಹಾಗಾದ್ರೆ ದೂರು?"

"ನಮ್ಮೊಳಗೆ ಎಂಥ ದೂರು ಸರ್!" ಇಬ್ಬರೂ ಒಟ್ಟಿಗೇ ಅಂದರು.

ಇಂಜಿನಿಯರ್ ಸಪ್ಪೆ ಮುಖ ಹೊತ್ತು ಹೊರಟ. ಆದರೆ ಜೀಪು ತಿರುವಿನಲ್ಲಿ ಹೋಗಿ ನಿಂತುಬಿಟ್ಟಿತು. ಆಸಾಮಿ ಫೋನಿನಲ್ಲಿ ಮಾತಾಡುತ್ತಿದ್ದ. ಅವನ ಕಣ್ಣೆದುರು ಮತ್ತೆ ಜಗಳ ಆಡುವಂತಿರಲಿಲ್ಲ. ಕಂಡಕ್ಟರ್ ಬೇಲಿ ಬಿಚ್ಚಿದರು, ಓವನ್ ತಳ್ಳಲು ತಾವೂ ಕೈ ಜೋಡಿಸಿದರು. ಇನ್ನೇನು ಹಿತ್ತಲ ಬಾಗಿಲು ಸಿಕ್ಕಿತು ಅನ್ನುವಾಗ ಓವನ್ನಿನ ಮೂಲೆ ತಾಗಿ, ಬಳ್ಳಿಯ ಅತಿ ದೊಡ್ಡ ಕುಂಬಳಕಾಯಿ ಪಚಕ್ಕನೆ ಒಡೆದು ಹೋಳಾಯಿತು.

ಕಂಡಕ್ಟರ್ ಬಾಯಿ ತೆರೆದರು. ಜೀಪಿನತ್ತ ನೋಡಿ ಮುಚ್ಚಿದರು. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದರು.

"ಮೆಲ್ಲಗೆ ಬೈತೀನಿ. ಸರಿಯಾಗಿ ಕೇಳಿಸ್ಕೋ."