ಪ್ರಬಂಧದಲ್ಲಿ ತೀರಿಹೋದ ಅಪ್ಪ

ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವವನಿಗೆ ಪ್ರಬಂಧ ಕಲಿಸುವ ಟೀಚರ್ ಯಾಕೆ ಬೇಕು ಹೇಳಿ?

ಆದರೂ ಮೈಸೂರಿನ ಚೆಲುವರಾಜು ಎರಡು ವಾರ ಅಂಥವರನ್ನೇ ಹುಡುಕಿದ...

ಸಿಲಿಂಡರ್ ಇಳಿಸಿ, ರೆಗ್ಯುಲೇಟರ್ ಕೂರಿಸಿ, ಒಲೆ ಹತ್ತಿಸಿ ತೋರಿಸಿದ ಮೇಲೆ ಪ್ರತಿ ಮನೆಯಲ್ಲೂ ಅದೇ ಮಾತು.

"ಅಮ್ಮಾ, ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯೋದು ಹೇಳ್ಕೊಡೋರು ಯಾರಾದ್ರೂ ಗೊತ್ತಾ? ಮಗಳು ಎಂಬಿಎ ಸೇರ್ಬೇಕು ಅಂತವ್ಳೆ."

ಕೆಲವರು ನಕ್ಕರು. ಕೆಲವರು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು. ಅವನಿಗೇನೂ ಬೇಜಾರಾಗಲಿಲ್ಲ, ಮುಂದಿನ ಮನೆ ಇತ್ತಲ್ಲ.

ಮಗಳು ಸಿಂಚನಾ ಓದಿನಲ್ಲಿ ಚುರುಕು. ಮೊದಲ ಸುತ್ತಿನ ಪರೀಕ್ಷೆ ಸಲೀಸಾಗಿ ದಾಟಿದ್ದಳು. ಉಳಿದಿದ್ದು ಪ್ರಬಂಧ... ಅರ್ಧ ಗಂಟೆ, ಎರಡು ಪುಟ. ಅದರಲ್ಲಿ ಎಡವಿದರೆ ಸೀಟು ಇಲ್ಲ.

ಕೊನೆಗೆ ಗಿರಾಕಿ ಮನೆಯ ಅಜ್ಜಿಯೊಬ್ಬರು ಸರಸ್ವತಿಪುರಂನ ವತ್ಸಲಾ ಮೇಡಂಗೆ ತಾವೇ ಫೋನ್ ಮಾಡಿ, ಗುರುತಿನ ಹುಡುಗಿ ಎಂದಷ್ಟೇ ಹೇಳಿ ಒಪ್ಪಿಸಿದರು. ಮೇಡಂ ನಿವೃತ್ತ ಇಂಗ್ಲಿಷ್ ಲೆಕ್ಚರರ್. ಚೆಲುವರಾಜುವಿನ ಮುಖವನ್ನೂ ನೋಡಿದವರಲ್ಲ.

ಸಿಂಚನಾ ಬರೆದ ಮೊದಲ ನಾಲ್ಕು ಪ್ರಬಂಧಗಳನ್ನು ಮೇಡಂ ಹಾಗೇ ವಾಪಸ್ ಕೊಟ್ಟರು.

"ಎಲ್ಲಾ ಪುಸ್ತಕದ ಮಾತು. ಇದರಲ್ಲಿ ನೀನೆಲ್ಲಿದ್ದೀಯಮ್ಮ?"

ಐದನೆಯ ವಿಷಯ, 'ನನ್ನನ್ನು ಬದಲಿಸಿದ ಒಂದು ಘಟನೆ'.

ಅವಳಿಗೆ ಅಂಥ ಘಟನೆಯೇ ಹೊಳೆಯಲಿಲ್ಲ. ಕಷ್ಟದ ಕಥೆ ಬರೆದರೆ ಮಾರ್ಕ್ಸ್ ಜಾಸ್ತಿ ಅಂತ ಯಾವುದೋ ವಿಡಿಯೋದಲ್ಲಿ ಕೇಳಿದ್ದಳು. ಒಂದು ಕ್ಷಣ ಯೋಚಿಸಿದಳು... ಆಮೇಲೆ, ತನ್ನ ಹದಿನೈದನೇ ವಯಸ್ಸಿನಲ್ಲಿ ಅಪ್ಪ ತೀರಿಹೋದ ಎಂದು ಬರೆದುಬಿಟ್ಟಳು.

ಮೇಡಂ ಓದಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ತಲೆ ಸವರಿ, "ಈಗ ಬರೆದೆ ನೋಡು," ಅಂದರು.

ಅದು ಸುಳ್ಳು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆಯೂ ಹೇಳಲಿಲ್ಲ.

ಮುಂದಿನ ವಾರ ಸಿಟಿ ಬಸ್ ಮುಷ್ಕರ. ಮಗಳು ಹೇಗೆ ಬರುತ್ತಾಳೋ ಎಂದು ಚೆಲುವರಾಜು ಕೆಲಸ ಮುಗಿಸಿದವನೇ, ಯೂನಿಫಾರ್ಮ್ ಕೂಡ ಬದಲಿಸದೆ, ಟಿವಿಎಸ್ ಹತ್ತಿ ಮೇಡಂ ಮನೆಗೆ ಬಂದ.

ಒಳಗೆ ಬರೆಯುತ್ತಾ ಕೂತಿದ್ದ ಸಿಂಚನಾಗೆ ಬಾಗಿಲಲ್ಲಿ ಅಪ್ಪನ ದನಿ ಕೇಳಿಸಿತು.

"ಸಿಂಚನಾನ ಕರ್ಕೊಂಡು ಹೋಗೋಕ್ ಬಂದೆ ಮೇಡಂ."

"ಬನ್ನಿ ಬನ್ನಿ. ಪಾಪ, ತಂದೆ ಇಲ್ಲದ ಮಗು... ಆ ಪ್ರಬಂಧ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ನೀವು ಅವಳಿಗೆ ಏನಾಗಬೇಕು?"

ಚೆಲುವರಾಜು ಮೇಡಂ ಹೆಗಲಾಚೆ ಮಗಳನ್ನು ನೋಡಿದ. ಮಗಳು ತಲೆ ತಗ್ಗಿಸಿದಳು.



"ಚಿಕ್ಕಪ್ಪ ಮೇಡಂ," ಅಂದ.

ಟಿವಿಎಸ್ ಹೊರಟಿತು. ಹಿಂದೆ ಕೂತವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು. ಮನೆ ಹತ್ತಿರ ಬಂದಾಗ ಮೆಲ್ಲಗೆ ಕೇಳಿದ.

"ಅದ್ರಲ್ಲಿ ನಾನು ಹೆಂಗ್ ಸತ್ತೆ ಕೂಸೇ?"

"...ಆಕ್ಸಿಡೆಂಟ್‌ನಲ್ಲಿ ಅಪ್ಪ."

"ನಿಮ್ಮವ್ವಂಗೆ ಹೇಳ್ಬ್ಯಾಡ. ಅವ್ಳು ತಡ್ಕೊಳ್ಳಾಕಿಲ್ಲ."

ಅಷ್ಟೇ. ಆಮೇಲೆ ಅವನು ಆ ವಿಷಯ ಎತ್ತಲಿಲ್ಲ. ಅವಳು ರಾತ್ರಿ ಮುಸುಕು ಹಾಕಿಕೊಂಡು ಅತ್ತಳೇ ಹೊರತು, ತಪ್ಪಾಯಿತು ಅಪ್ಪ ಎಂಬ ಎರಡು ಮಾತು ಅವಳ ಗಂಟಲು ದಾಟಲಿಲ್ಲ.

ಪರೀಕ್ಷೆಯ ದಿನ ಬಂದ ವಿಷಯ ಯಾವುದು ಗೊತ್ತೇ? ಆನ್‌ಲೈನ್ ವ್ಯಾಪಾರ ಮತ್ತು ಸಣ್ಣ ಅಂಗಡಿಗಳು!

ಅಪ್ಪನ ಸಾವು ಯಾವ ಉಪಯೋಗಕ್ಕೂ ಬರಲಿಲ್ಲ. ತಮ್ಮ ಬೀದಿಯ ದಿನಸಿ ಅಂಗಡಿಯನ್ನು ನೆನೆದು ಕಂಡದ್ದನ್ನು ಕಂಡಂತೆ ಬರೆದಳು. ಸೀಟು ಸಿಕ್ಕಿತು.

ಪರೀಕ್ಷೆಯಲ್ಲಿ ಬೇರೆಯದೇ ವಿಷಯ ಬಂದಿತ್ತೆಂದು ಅಪ್ಪನಿಗೆ ಹೇಳಬೇಕಿತ್ತು... ಹೇಳಲಿಲ್ಲ. ಹೇಳಲು ಹೋದರೆ ಆ ಹಳೆಯ ಗಾಯವನ್ನೇ ಕೆದಕಬೇಕಲ್ಲ.

ಅಡ್ಮಿಷನ್ ದಿನ ಚೆಲುವರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜೊತೆಗೆ ಹೋದ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ ಅವನ ಮುಂದೆ ಫಾರ್ಮ್ ತಳ್ಳಿದ.

"ತಂದೆ ತಾನೆ? ಇಲ್ಲಿ ಸೈನ್ ಮಾಡಿ."

ಚೆಲುವರಾಜು ಪೆನ್ನು ಮುಟ್ಟಲಿಲ್ಲ.

"ಅಲ್ಲ ಸಾರ್, ನಾನು ಚಿಕ್ಕಪ್ಪ. ಇವಳ ತಂದೆ ತೀರ್ಕೊಂಡವ್ರೆ."

ಗುಮಾಸ್ತ ಫಾರ್ಮ್ ನೋಡಿದ. "ತಂದೆ ಹೆಸರು ಚೆಲುವರಾಜು ಅಂತಿದೆ. ಹಿಂದೆ ಲೇಟ್ ಅಂತ ಹಾಕೇ ಇಲ್ಲವಲ್ರೀ?"

"ಮಗು ಮರ್ತಿರ್ಬೇಕು ಸಾರ್... ನೀವೇ ಹಾಕ್ಬುಡಿ."

ಗುಮಾಸ್ತ ಪೆನ್ನು ಎತ್ತಿಕೊಂಡ. ಪಕ್ಕದ ಕೌಂಟರಿನಲ್ಲಿದ್ದ ಸಿಂಚನಾ ಓಡಿ ಬಂದು ಅವನ ಕೈಯನ್ನೇ ಹಿಡಿದುಬಿಟ್ಟಳು.

"ಬೇಡಿ ಸಾರ್! ಬರೀಬೇಡಿ! ಇವರೇ ನಮ್ಮಪ್ಪ!"

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಚೆಲುವರಾಜು ಹೆದರಿ ಮಗಳ ತೋಳು ಜಗ್ಗಿದ.

"ಸುಮ್ನಿರು ಕೂಸೇ... ಗೊತ್ತಾದ್ರೆ ಸೀಟು ಹೋಗ್ಬುಡ್ತದೆ."

ಆಗ ಅವಳಿಗೆ ಎಲ್ಲವೂ ಅರ್ಥವಾಯಿತು. ಇಷ್ಟು ದಿನವೂ ಈ ಮನುಷ್ಯ, ತಾನು ಸತ್ತಿದ್ದಕ್ಕೇ ಮಗಳಿಗೆ ಸೀಟು ಸಿಕ್ಕಿದೆ ಎಂದು ನಂಬಿಕೊಂಡಿದ್ದ. ನಂಬಿಕೊಂಡೇ ಬೀದಿಗೆಲ್ಲ ಸಿಹಿ ಹಂಚಿದ್ದ.

"ಆ ಪ್ರಬಂಧ ನಾನು ಪರೀಕ್ಷೆಯಲ್ಲಿ ಬರೀಲೇ ಇಲ್ಲ ಅಪ್ಪ... ಸೀಟು ಅದರಿಂದ ಬಂದಿದ್ದಲ್ಲ. ತಪ್ಪಾಯ್ತು ಅಪ್ಪ..." ಎಂದು ಅವನ ಎದೆಗೆ ತಲೆ ಒರಗಿಸಿ ಅತ್ತಳು.

ಚೆಲುವರಾಜು ಅಂಗಿಯ ತೋಳಿನಿಂದ ಮಗಳ ಕಣ್ಣು ಒರೆಸಿದ. ಆಮೇಲೆ ಗುಮಾಸ್ತನ ಕಡೆ ತಿರುಗಿ, ಅನುಮಾನದಿಂದಲೇ ಕೇಳಿದ...

"ಹಂಗಾದ್ರೆ ಸಾರ್... ನಾನು ಸೈನ್ ಮಾಡ್ಬೋದಾ?"

⸻

ಮಕ್ಕಳ ಹೆಸರು ಬೆಳಗಲಿ ಎಂದು ತನ್ನ ಹೆಸರನ್ನೇ ಅಳಿಸಿಕೊಳ್ಳಲು ಒಪ್ಪುವ ಜೀವ ಅಪ್ಪ.

ನಾಲ್ಕು ಜನರ ಮುಂದೆ "ಇವರು ನಮ್ಮಪ್ಪ" ಎಂದು ನೀವು ಕೊನೆಯ ಬಾರಿ ಹೇಳಿದ್ದು ಯಾವಾಗ?