ಹೆಸರೊಂದೇ, ಪಟ್ಟಿ ಎರಡು

ಊಟ ಮುಗಿಸಿ ಬಂದ ಮುಖ್ಯಸ್ಥೆ ಬಾಗಿಲಲ್ಲೇ ನಿಂತಳು. ಅವಳ ಕುರ್ಚಿಯಲ್ಲಿ ಸಹೋದ್ಯೋಗಿ ‘ಮೀಸೆ’ ಕೂತಿದ್ದ. ರಜೆ ಹಾಕಿದ್ದವನು.

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವರದು ಹತ್ತು ವರ್ಷದ ಒಡನಾಟ. ಮೀಸೆ ಬೋಳಿಸಿದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಹೋದ ತಿಂಗಳು ಬಡ್ತಿ ಅವಳಿಗೆ ಬಂತು, ಅವನಿಗೆ ತಪ್ಪಿತು. ಅಂದಿನಿಂದ ಅವನು ಮುಖ ಕೊಟ್ಟು ಮಾತಾಡಿರಲಿಲ್ಲ.

“ಏನು ಮಾಡ್ತಿದೀಯ?”

ಅವನು ಬೆಚ್ಚಿಬಿದ್ದ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. “ಐದೇ ನಿಮಿಷ ಅಕ್ಕಾ. ಮೂರು ಗಂಟೆಯೊಳಗೆ ಇದೊಂದು ಆಗಲೇಬೇಕು.”

ಅವಳು ಧಾವಿಸಿ ಬಂದು ಪರದೆ ನೋಡಿದಳು.

ಅಲ್ಲಿ ತೆರೆದಿದ್ದ ಫಂಕ್ಷನ್, ಕಂಪ್ಯೂಟರಿಗೆ ಕೊಟ್ಟ ಆದೇಶಗಳ ಆ ಕಟ್ಟು, ಅವಳೇ ಬರೆದದ್ದು. ಯಾವ ರೋಗಿಗೆ ಯಾವ ಔಷಧ ಆಗದು ಎಂದು ತೋರಿಸುವ ಪಟ್ಟಿಯ ಹೆಸರು ‘ಅಲರ್ಜಿ’. ಹೊಸ ನರ್ಸುಗಳು ಅಭ್ಯಾಸ ಮಾಡಲು ಅದೇ ಹೆಸರಿನ ನಕಲೊಂದು ಡೇಟಾಬೇಸಿನ ಬೇರೆ ವಿಭಾಗದಲ್ಲಿತ್ತು. ಅಭ್ಯಾಸದಲ್ಲಿ ತುಂಬಿದ್ದನ್ನು ಅಳಿಸಲೆಂದು ದಿನಾ ಮಧ್ಯಾಹ್ನ ಮೂರಕ್ಕೆ ಫಂಕ್ಷನ್ ತಾನಾಗಿಯೇ ಓಡಿ, ‘ಅಲರ್ಜಿ’ ಎಂಬ ಪಟ್ಟಿಯನ್ನು ಹುಡುಕಿ, ಮೊದಲು ಸಿಕ್ಕಿದ್ದನ್ನು ಖಾಲಿ ಮಾಡುತ್ತಿತ್ತು. ಮೊದಲು ಸಿಗುತ್ತಿದ್ದದ್ದು ನಕಲು. ಎರಡು ವರ್ಷದಲ್ಲಿ ಒಂದು ದಿನವೂ ಎಡವಟ್ಟಾಗಿರಲಿಲ್ಲ.

ಈಗ ಹೆಸರಿದ್ದ ಜಾಗದಲ್ಲಿ ಐದಂಕಿಯ ಸಂಖ್ಯೆಯೊಂದಿತ್ತು. ಪ್ರತಿ ಪಟ್ಟಿಗೂ ಡೇಟಾಬೇಸ್ ಒಳಗೊಳಗೇ ಕೊಡುವ ಗುರುತಿನ ಸಂಖ್ಯೆ. ಬರೀ ಕಣ್ಣಿಗೆ ಅದು ಯಾವ ಪಟ್ಟಿಯದೆಂದು ತಿಳಿಯುವಂತಿಲ್ಲ. ನಿಜವಾದ ಪಟ್ಟಿಯ ಸಂಖ್ಯೆ ತುರುಕಲು ಹೊಟ್ಟೆಕಿಚ್ಚಿನವನಿಗೆ ಇನ್ನೇನು ಬೇಕು?

“ಯಾವ ಪಟ್ಟಿಯದು ಈ ನಂಬರು?”

“ಅಕ್ಕಾ, ವಾರ್ಡಿನಲ್ಲಿ ಎಲ್ಲಾ ನಿಧಾನ ಅಂತ ಬೆಳಿಗ್ಗೆ ನೀವು ವಿಭಾಗಗಳನ್ನ ಹುಡುಕೋ ಕ್ರಮ ಬದಲಾಯಿಸಿದ್ರಲ್ಲ, ಅದರಿಂದ—”

“ಓ, ನನ್ನ ತಪ್ಪು ಹಿಡಿಯೋಕೆ ರಜೆ ಹಾಕಿ ಬಂದ್ಯಾ?”

ಅವಳು ಕರೆದ ಕಾವಲಿನವರಿಬ್ಬರು ಬಂದು ಅವನ ಫೋನ್ ಕಿತ್ತುಕೊಂಡರು, ರಟ್ಟೆ ಹಿಡಿದು ಎಳೆದರು. ಮೆಟ್ಟಿಲವರೆಗೂ ಅವನ ಕೂಗು ಕೇಳಿಸಿತು. “ಮೂರು ಗಂಟೆಗೆ ಎಲ್ಲಾ ಹೋಗುತ್ತೆ! ಆಮೇಲೆ ಅತ್ತರೂ ವಾಪಸ್ ಬರಲ್ಲ!”

ಬೆದರಿಕೆ ಬೇರೆ. ಅವಳು ಸಂಖ್ಯೆಯನ್ನು ಚೀಟಿಯಲ್ಲಿ ಗೀಚಿಕೊಂಡು ಅಳಿಸಿದಳು, ಹಳೆಯ ಹೆಸರನ್ನೇ ಮತ್ತೆ ಬರೆದಳು. ಎರಡು ಐವತ್ತೆರಡು.

“ಒಳ್ಳೆ ಹೊತ್ತಿಗೆ ನೋಡಿದ್ರಿ. ಎಷ್ಟು ಜನರ ಜೀವ ಉಳೀತೋ!” ಎಂದರು ಫೋನಿನಲ್ಲಿ ಅಧೀಕ್ಷಕರು. “ವರದಿ ಕೊಡಿ. ಅವನ ಕೆಲಸ ಹೋಯ್ತು ಅಂದ್ಕೊಳ್ಳಿ.”

ಮೂರಾಯಿತು. ಫಂಕ್ಷನ್ ತಕರಾರಿಲ್ಲದೆ ಓಡಿ ಮುಗಿಯಿತು. ಅವಳು ನಿಟ್ಟುಸಿರುಬಿಟ್ಟು ವರದಿಗೆ ಕೂತಳು. ಸಾಕ್ಷಿಗಿರಲೆಂದು ಆ ಸಂಖ್ಯೆ ಯಾವ ಪಟ್ಟಿಯದೆಂದು ಹುಡುಕಿಸಿದಳು.

ನಕಲು ಪಟ್ಟಿಯದು.

ಚೀಟಿಯೊಂದಿಗೆ ಒಂದೊಂದೇ ಅಂಕಿ ತಾಳೆ ನೋಡಿದಳು. ನಕಲಿನದೇ. ಹಾಗಾದರೆ, ಅವಳು ಬೆಳಿಗ್ಗೆ ಕ್ರಮ ಬದಲಾಯಿಸಿದ ಮೇಲೆ, ಬರೀ ಹೆಸರಿಗೆ ಮೊದಲು ಸಿಗುವುದು...

ನಿಜವಾದ ಪಟ್ಟಿ ತೆರೆದಳು. ಒಂದು ಸಾಲೂ ಇರಲಿಲ್ಲ.

ಮೇಜಿನ ಫೋನ್ ಹೊಡೆದುಕೊಂಡಿತು. ಮಕ್ಕಳ ವಾರ್ಡಿನ ನರ್ಸು.

“ಮೇಡಂ, ನಿಮ್ಮಲ್ಲಿಗೆ ಅಂತ ಕೆಳಗೆ ಹೋದ ಮೀಸೆಯಣ್ಣ ಫೋನ್ ತೆಗೀತಿಲ್ಲ, ಬೇಗ ಮೇಲೆ ಕಳಿಸಿ! ಅಲರ್ಜಿ ಏನೂ ಇಲ್ಲ ಅಂತ ಪರದೆಯಲ್ಲಿ ನೋಡಿಯೇ ಈಗ ಅವರ ಮಗಳಿಗೆ ಇಂಜೆಕ್ಷನ್ ಕೊಟ್ಟೆ. ಮಗು ಉಸಿರೇ ತಗೋತಿಲ್ಲ!”