ಉಸಿರು ಹಿಡಿಯುವ ಆಟ

"ಉಸರು ತಗೋರಿ… ಬಿಡ್ರಿ… ಈಗ ಹಿಡೀರಿ" ಎಂದು ಕಿವಿಯಲ್ಲಿ ದನಿ ಬಂದದ್ದೇ ತಡ, ಮಹಾನಂದಾ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು. ಎಂ.ಆರ್.ಐ. ಯಂತ್ರದ ಕೊಳವೆಯೊಳಗೆ ಅಂಗಾತ ಮಲಗಿದ್ದಳು. ಕೊರಳ ತಾಳಿ, ಕಾಲುಂಗುರ ಎಲ್ಲ ಹೊರಗೆ ಗಂಡ ಖಂಡಪ್ಪನ ಮುಷ್ಟಿಯಲ್ಲಿದ್ದವು. ಯಂತ್ರ ದಡದಡ ಬಡಿಯತೊಡಗಿತು. ಈ ಸದ್ದಿಗೆ ಗಟ್ಟಿ ಗಂಡಸರೂ ಬೆವರುತ್ತಾರಂತೆ. ಆದರೆ ಬಬಲೇಶ್ವರದಲ್ಲಿ ಗಂಡನ ಹಿಟ್ಟಿನ ಗಿರಣಿಯಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಇದು ಯಾವ ಲೆಕ್ಕ? ಗಿರಣಿ ಸದ್ದು ಕಿವಿಗೆ ಬಿದ್ದರೆ ಅವಳಿಗೆ ತೂಕಡಿಕೆ ಬರುತ್ತಿತ್ತು. ಈಗಲೂ ಬಂತು.

ಆ ಗಿರಣಿಯಲ್ಲೇ ಹೋದ ವಾರ ಜೋಳ ಸುರಿಯುತ್ತಾ ಕುಸಿದು ಬಿದ್ದಿದ್ದಳು. ವಿಜಯಪುರಕ್ಕೆ ಕರೆತಂದು ತೋರಿಸಿದರೆ, ಹೃದಯದೊಳಗೆ ಮುದ್ದೆಯಂಥದ್ದೇನೋ ಕಾಣುತ್ತಿದೆ ಎಂದರು ಡಾಕ್ಟರು. "ರಕ್ತ ಹೆಪ್ಪುಗಟ್ಟಿದ್ದಾದ್ರ ಗುಳಿಗಿಗೇ ಕರಗತದ. ಲಕ್ಷಕ್ಕೊಬ್ಬರಿಗೆ ಬರೋ ಗಡ್ಡಿ ಆಗಿದ್ರ ಕೊಯ್ದು ತೆಗೀಬೇಕು. ಅದೇನರ ಹೃದಯದ ಗ್ವಾಡಿ ಒಳಗ ಬೇರು ಬಿಟ್ಟಿದ್ರ ಮಾತ್ರ ನಮ್ಮ ಕೈಯಾಗ ಏನೂ ಇಲ್ಲ. ಯಾವುದು ಅಂತ ಎಂ.ಆರ್.ಐ. ಚಿತ್ರನ ಹೇಳಬೇಕ್ರಿ." ಬಡಿಯುವ ಹೃದಯದ ಚಿತ್ರ ಸ್ವಚ್ಛವಾಗಿ ಬರಬೇಕಾದರೆ ಹಿಡಿ ಎಂದಾಗ ಉಸಿರು ಹಿಡಿಯಬೇಕು, ಬಿಡು ಎಂದಾಗ ಬಿಡಬೇಕು. ಗಿರಣಿಯವನ ಮುಖಕ್ಕೆ ಹಿಟ್ಟು ಹೊಸದಲ್ಲ. ಆದರೆ ಖಂಡಪ್ಪನ ಈ ವಾರದ ಬಿಳುಪು ತೊಳೆದರೂ ಹೋಗಿರಲಿಲ್ಲ.

ಉಸಿರು ಹಿಡಿಯುವುದನ್ನು ಮಹಾನಂದಾಳಿಗೆ ಯಾರೂ ಕಲಿಸಬೇಕಿರಲಿಲ್ಲ. ಅವಳು ಮಮದಾಪುರದ ಕೆರೆಯಲ್ಲಿ ಬೆಳೆದವಳು. ಖಂಡಪ್ಪ ಅವಳ ಸೋದರಮಾವನ ಮಗ. ಆಗ ಬರೀ ಖಂಡ್ಯಾ. ಇಬ್ಬರೂ ಕೂಡಿಯೇ ನೀರಲ್ಲಿ ಮುಳುಗುವುದು, ಮೊದಲು ತಲೆ ಎತ್ತಿದವರು ಸೋತಂತೆ. ಪ್ರತಿ ಸಲ ಅವನೇ ಮೊದಲು ಏಳುತ್ತಿದ್ದ. ಕಾಲಿಗೆ ಮೀನು ಕಚ್ಚಿತು, ಮೂಗಿಗೆ ನೀರು ಹೋಯಿತು, ಅವ್ವ ಕರೆದಂಗಾಯಿತು ಎಂದು ಏನಾದರೊಂದು ನೆಪ ತೆಗೆಯುತ್ತಿದ್ದ. ಸೋತೆ ಎಂಬ ಮಾತು ಮಾತ್ರ ಆ ಪುಣ್ಯಾತ್ಮನ ಬಾಯಿಂದ ಬರಲಿಲ್ಲ. ಇವರ ಮದುವೆಯಾಗಿ, ಮಗಳ ಮದುವೆಯೂ ಆಯಿತು. ಇನ್ನೂ ಬಂದಿಲ್ಲ.

ಈಗ ಸುತ್ತಲೂ ಹಸಿರು ನೀರು. ಮೇಲೆಲ್ಲೋ ಬಿಸಿಲು ಚೂರುಚೂರಾಗಿ ಅಲುಗುತ್ತಿತ್ತು. ಬೆನ್ನ ಕೆಳಗೆ ಕೆರೆಯ ತಳದ ಕೆಸರು, ಮೆತ್ತಗೆ, ತಣ್ಣಗೆ. ಪಕ್ಕದಲ್ಲಿ ಖಂಡ್ಯಾ ಗಲ್ಲ ಉಬ್ಬಿಸಿಕೊಂಡು ಅವಳನ್ನೇ ನೋಡುತ್ತಿದ್ದ. "ಉಸರು ಬಿಡ್ರಿ" ಎಂದು ದೂರದ ದಂಡೆಯಿಂದ ಯಾರೋ ಕೂಗಿದರು. ಯಾರೋ ಕೂಗಿದರೆ ಇವಳೇಕೆ ಏಳಬೇಕು? ಅವನಿನ್ನೂ ಎದ್ದಿಲ್ಲ. ಎದೆ ಉರಿಯುತ್ತಿದ್ದರೂ ಹಿತವಾಗಿತ್ತು. ಡಾಕ್ಟರು, ಗುಳಿಗೆ, ಗಡ್ಡೆ ಯಾವುದೂ ಇಳಿದು ಬಾರದ ಈ ತಂಪಿನಲ್ಲಿ ಇದ್ದುಬಿಟ್ಟರಾಯಿತು ಅನ್ನಿಸಿತು.

ಯಂತ್ರ ನಿಂತಿತು. ಅದನ್ನು ನಡೆಸುವ ಹುಡುಗಿ ರುಕ್ಸಾರ ಕೊಳವೆಯ ಬಾಯಿಗೆ ಬಂದು ಬಗ್ಗಿದಳು. "ಅವ್ವಾರ, ಬಿಡ್ರಿ ಅಂದ ಮ್ಯಾಲೂ ಹಿಡಕೊಂಡ ಇರ್ತೀರಿ. ಆಮ್ಯಾಲ ತೇಕ್ತೀರಿ, ಮುಂದಿನ ಚಿತ್ರ ಅಲಗಾಡಿ ಕೆಡಾಕತ್ತಾವ. ಹಿಂಗಾದ್ರ ಗಡ್ಡಿ ಹೌದೋ ಅಲ್ಲೋ ಡಾಕ್ಟರಿಗೆ ತಿಳಿಯಂಗಿಲ್ಲ."

"ಆತವಾ, ಈ ಸಲ ಬಿಡ್ತೀನಿ" ಎಂದಳು ಮಹಾನಂದಾ. ಮನಸ್ಸಿಟ್ಟೇ ಅಂದಳು. ಯಂತ್ರ ಮತ್ತೆ ದಡದಡ ಅಂದಿತು, ಅವಳು ಮತ್ತೆ ತಳ ಸೇರಿದಳು.

"ಬಿಡ್ರಿ… ಅವ್ವಾರ, ಉಸರು ಬಿಡ್ರಿ." ದಂಡೆ ದೂರ ಸರಿಯುತ್ತಾ ಹೋಯಿತು. ಆಮೇಲೆ ನೀರೊಳಗೆ ಇನ್ನೊಂದು ದನಿ ಇಳಿಯಿತು. ಒರಟು ದನಿ. ಎಂಥ ಗಿರಣಿ ಸದ್ದಿನಲ್ಲೂ ಅವಳಿಗೆ ಗುರುತು ಸಿಗುವ ದನಿ.

"ನಂದಾ, ಮ್ಯಾಲ ಬಾ. ನಾ ಸೋತೀನಿ. ಖರೇನ ಸೋತೀನಿ. ಮ್ಯಾಲ ಬಾ ನೀ."

ಮಹಾನಂದಾ ನೀರು ಸೀಳಿಕೊಂಡು ಮೇಲೆದ್ದಳು. ಎದೆ ತುಂಬ ಗಾಳಿ ನುಗ್ಗಿತು. "ಸೋತ್ಯೇನಲೇ, ಖಂಡ್ಯಾ?" ಎಂದಳು. ಮದುವೆಯಾದಾಗಿನಿಂದ ಒಮ್ಮೆಯೂ ಗಂಡನ ಹೆಸರೆತ್ತದವಳು ಹೀಗೆ ಲೇ ಅಂದದ್ದು ಮೈಕಿನಲ್ಲಿ ಆಚೆಗೆ ಚೊಕ್ಕವಾಗಿ ಕೇಳಿಸಿತು. ಖಂಡಪ್ಪನನ್ನು ಕರೆದು ಮೈಕು ಕೊಟ್ಟಿದ್ದ ರುಕ್ಸಾರ ನಕ್ಕದ್ದು ಕಿವಿಗೆ ಬಿದ್ದಾಗ ನಾಚಿಕೆಯಿಂದಲೇ ಅವಳಿಗೆ ಪೂರ್ತಿ ಎಚ್ಚರವಾಯಿತು. ಅಲ್ಲಿಂದ ಮುಂದೆ ಹಿಡಿ, ಬಿಡು ಎಂದು ಹೇಳುವ ಕೆಲಸ ಖಂಡಪ್ಪನದೇ ಆಯಿತು. ಒಂದು ಚಿತ್ರವೂ ಅಲುಗಲಿಲ್ಲ.

ಅವಳು ಕೊಳವೆಯಿಂದ ಹೊರಬಂದ ಮೇಲೆ ಇಬ್ಬರನ್ನೂ ಡಾಕ್ಟರು ತಮ್ಮ ಕೋಣೆಗೇ ಕರೆಸಿಕೊಂಡರು. ಪರದೆಯ ಮೇಲೆ ಬಡಿಯುತ್ತಿದ್ದ ಹೃದಯದೊಳಗೆ ಸಣ್ಣದೊಂದು ಮುದ್ದೆ ಅತ್ತಿತ್ತ ತೂಗುತ್ತಿತ್ತು. "ಸೂಜಿ ಔಷಧ ಕೊಟ್ಟ ಮ್ಯಾಲ ಇದು ಬೆಳಗಾಕತ್ತದ ನೋಡ್ರಿ. ಹೆಪ್ಪುಗಟ್ಟಿದ ರಕ್ತ ಆಗಿದ್ರ ಕರ್ರಗ ಉಳೀತಿತ್ತು. ಇದು ಗಡ್ಡಿನ. ಆದ್ರ ಒಂದ ದಂಟಿನ ಮ್ಯಾಲ ನಿಂತದ, ಗ್ವಾಡಿ ಒಳಗ ಹೊಕ್ಕಿಲ್ಲ. ತೆಗೀಬಹುದು. ತೆಗಿಯೂತನಾ ಹೃದಯ ನಿಲ್ಲಸಬೇಕಾಗತದ. ಅಷ್ಟೊತ್ತು ಅದರ ಕೆಲಸ ಒಂದು ಮಷೀನ ನೋಡಕೋತದ."

"ನಿಲ್ಲಸೂದಂದ್ರ…" ಎಂದ ಖಂಡಪ್ಪ. ಮುಷ್ಟಿ ಇನ್ನೂ ಬಿಗಿದೇ ಇತ್ತು.

ಮಹಾನಂದಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆವರಿನಿಂದ ಒದ್ದೆಯಾಗಿದ್ದ ತಾಳಿಯನ್ನು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡಳು.

"ನಿಲ್ಲಸ್ಲಿ ಬಿಡ್ರಿ" ಎಂದಳು. "ಮ್ಯಾಲ ಬಾ ಅಂತ ಕರ್ಯಾಕ ನೀವು ಇರ್ತೀರಲ್ಲ."